ಅಳಿವೆಯಿಂದ ಅಳಿವೆಗೆ: ಕರಾವಳಿ ನೋಡುವ ದಾರಿ

ಕಾರವಾರದ ಉತ್ತರಕ್ಕಿರುವ ಮಾಜಾಳಿಯಿಂದ ಮಂಗಳೂರಿನ ದಕ್ಷಿಣಕ್ಕಿರುವ ತಲಪಾಡಿಯವರೆಗೆ ಕರ್ನಾಟಕದ ಕಡಲತೀರ ಸುಮಾರು 320 ಕಿಲೊಮೀಟರ್ ಉದ್ದವಿದೆ. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಎಂಬ ಮೂರು ಜಿಲ್ಲೆಗಳು ಈ ತೀರವನ್ನು ಹಂಚಿಕೊಂಡಿವೆ. ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿಯ ಗೋಡೆ. ನಡುವಿನ ನೆಲ ಕೆಲವೆಡೆ ಅಗಲವಾಗಿದೆ, ಕೆಲವೆಡೆ ತೀರ ಇಕ್ಕಟ್ಟು; ಕಾರವಾರದ ಬಳಿಯಂತೂ ಗುಡ್ಡಗಳು ನೇರ ನೀರಿಗೇ ಇಳಿದಿವೆ. ಘಟ್ಟದಲ್ಲಿ ಹುಟ್ಟಿ ಪಶ್ಚಿಮಕ್ಕೆ ಹರಿಯುವ ನದಿಗಳು ಹೆಚ್ಚು ಉದ್ದವಿಲ್ಲ. ಬಂಡೆಗಳ ಮೇಲಿಂದ ಧುಮುಕಿ ಬಂದವು ಕಡಲ ಸಮೀಪ ಬಂದೊಡನೆ ವೇಗ ಕಳೆದುಕೊಂಡು ಹರಡಿಕೊಳ್ಳುತ್ತವೆ. ಸಿಹಿನೀರು ಉಪ್ಪುನೀರು ಬೆರೆಯುವ ಆ ಜಾಗವೇ ಅಳಿವೆ. ಅಳಿವೆಯ ಮಧ್ಯೆ ಏಳುವ ಮರಳು ದ್ವೀಪಗಳಿಗೆ ಉತ್ತರ ಕನ್ನಡದಲ್ಲಿ ಕುರ್ವೆ ಎನ್ನುತ್ತಾರೆ, ಕುಂದಾಪುರದಿಂದ ದಕ್ಷಿಣಕ್ಕೆ ಕುದ್ರು.

ಕರಾವಳಿಯ ಹೆಸರಾಂತ ಊರುಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಬಹುತೇಕ ಎಲ್ಲವೂ ಯಾವುದಾದರೊಂದು ಅಳಿವೆಯ ಪಕ್ಕದಲ್ಲೇ ಸಿಗುತ್ತವೆ. ಕಾಳಿಗೆ ಕಾರವಾರ, ಅಘನಾಶಿನಿಗೆ ತದಡಿ ಮತ್ತು ಮಿರ್ಜಾನ್, ಶರಾವತಿಗೆ ಹೊನ್ನಾವರ, ಐದು ಹೊಳೆಗಳ ಕೂಡಲಿಗೆ ಕುಂದಾಪುರ, ಸೀತಾ–ಸ್ವರ್ಣಾ ನದಿಗಳಿಗೆ ಬಾರಕೂರು ಮತ್ತು ಉಡುಪಿ, ನೇತ್ರಾವತಿ–ಗುರುಪುರ ನದಿಗಳಿಗೆ ಮಂಗಳೂರು. ಹಾಯಿಹಡಗುಗಳ ಕಾಲದಲ್ಲಿ ತೆರೆದ ಕಡಲಿನಲ್ಲಿ ಲಂಗರು ಹಾಕುವುದು ಅಪಾಯದ ಕೆಲಸ; ಅಳಿವೆಯ ಒಳಗೆ ಆಸರೆ ಇತ್ತು. ಘಟ್ಟದ ಮೇಲಿನ ಕಾಳುಮೆಣಸು, ಅಡಿಕೆ, ಏಲಕ್ಕಿ ಎತ್ತುಗಳ ಬೆನ್ನೇರಿ ಇಳಿದು, ದೋಣಿಗಳಲ್ಲಿ ಸಾಗಿ ಇಲ್ಲಿ ಹಡಗು ಸೇರುತ್ತಿತ್ತು. ಆ ವ್ಯಾಪಾರದ ಹಣದಿಂದ ಕೋಟೆಗಳು ಎದ್ದವು, ಬಸದಿ ದೇವಾಲಯಗಳು ಬೆಳೆದವು. ಹೀಗಾಗಿ ಇಂದು ಪ್ರವಾಸಿ ತಾಣಗಳೆಂದು ಕರೆಯುವ ಜಾಗಗಳನ್ನು ಬೀಚು, ಗುಡಿ, ಕೋಟೆ ಎಂದು ಬೇರೆಬೇರೆಯಾಗಿ ನೋಡುವುದಕ್ಕಿಂತ ಅಳಿವೆಯಿಂದ ಅಳಿವೆಗೆ ನೋಡುತ್ತ ಹೋದರೆ ಈ ನಾಡು ಹೆಚ್ಚು ಅರ್ಥವಾಗುತ್ತದೆ.

ಹೊರಡುವ ಮೊದಲು ಕಾಲದ ವಿಚಾರ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,500ರಿಂದ 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುತ್ತದೆ. ಆಗ ಕಡಲು ಕೆರಳಿರುತ್ತದೆ. ಜೂನ್ ಮತ್ತು ಜುಲೈಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿದೆ, ದ್ವೀಪಗಳಿಗೆ ಹೋಗುವ ದೋಣಿಗಳೂ ದಡದಲ್ಲೇ ನಿಲ್ಲುತ್ತವೆ. ಅಕ್ಟೋಬರ್‌ನಿಂದ ಫೆಬ್ರುವರಿಯವರೆಗೆ ಓಡಾಡಲು ಹಿತವಾದ ಕಾಲ. ಹಾಗೆಂದು ಮಳೆಗಾಲದ ಕರಾವಳಿಯನ್ನು ಪೂರ್ತಿ ಬಿಟ್ಟುಬಿಡುವುದು ದೊಡ್ಡ ನಷ್ಟ. ಹಸಿರು ಗದ್ದೆಗಳು, ತುಂಬಿದ ಹೊಳೆಗಳು, ಆಟಿ ತಿಂಗಳ ಪತ್ರೊಡೆ ಆ ದಿನಗಳಲ್ಲಷ್ಟೇ ಸಿಗುತ್ತವೆ. ನೀರಿಗಿಳಿಯಬಾರದು, ಅಷ್ಟೆ.

ಕಾಳಿ ನದಿಯ ಅಳಿವೆಯಲ್ಲಿ ಗುಡ್ಡ, ಹೊಳೆ, ಕಡಲು, ದ್ವೀಪ ನಾಲ್ಕೂ ಒಂದೇ ನೋಟಕ್ಕೆ ಸಿಗುತ್ತವೆ. ಉತ್ತರ ದಡದ ಗುಡ್ಡದ ಮೇಲೆ ಸೋದೆ ಅರಸರ ಸದಾಶಿವಗಡ, ಎದುರಿಗೆ ಗಾಳಿಮರಗಳ ದೇವಬಾಗ, ಕಡಲೊಳಗೆ ಕೂರ್ಮಗಡ. ಕೂರ್ಮಗಡದ ನರಸಿಂಹ ದೇವರ ಜಾತ್ರೆ ಪುಷ್ಯ ಮಾಸದ ಹುಣ್ಣಿಮೆಗೆ. ಭಕ್ತರು ದೋಣಿ ಏರಿಯೇ ಹೋಗಬೇಕು. ರವೀಂದ್ರನಾಥ ಟ್ಯಾಗೋರರು ಯುವಕರಾಗಿದ್ದಾಗ ಕಾರವಾರದಲ್ಲಿ ತಂಗಿದ್ದರು. ಅವರ ಅಣ್ಣ, ಐಸಿಎಸ್ ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 'ಪ್ರಕೃತಿರ್ ಪ್ರತಿಶೋಧ' ನಾಟಕವನ್ನು ಟ್ಯಾಗೋರರು ಬರೆದದ್ದು ಈ ಊರಿನಲ್ಲೇ. ಕಡಲತೀರಕ್ಕೆ ಅವರ ಹೆಸರಿದೆ. ಸೇವೆ ಮುಗಿಸಿದ ಕ್ಷಿಪಣಿ ನೌಕೆ ಐಎನ್‌ಎಸ್ ಚಪಲ್ ಅದೇ ತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಕಾರವಾರದಿಂದ ಅಂಕೋಲಾ ಕಡೆಗಿನ ತೀರದ ಬಹುಭಾಗ ಈಗ ಸೀಬರ್ಡ್ ನೌಕಾನೆಲೆಗೆ ಸೇರಿದ್ದು, ಹೊರಗಿನವರಿಗೆ ಪ್ರವೇಶವಿಲ್ಲ.

ಅಂಕೋಲಾ ಪ್ರವಾಸಿಗರು ಸಾಮಾನ್ಯವಾಗಿ ದಾಟಿಕೊಂಡು ಹೋಗುವ ಊರು. ಆದರೆ 1930ರ ಏಪ್ರಿಲ್‌ನಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದದ್ದು ಇಲ್ಲಿ. ಕರ ನಿರಾಕರಣೆಯಲ್ಲಿ ಈ ತಾಲೂಕಿನ ರೈತರು ತೋರಿದ ಧೈರ್ಯಕ್ಕಾಗಿ ಊರಿಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂತು. ಗಂಗಾವಳಿ ನದಿ ದಾಟಿದರೆ ಗೋಕರ್ಣ.

ಗೋಕರ್ಣದ ಕಥೆ ಒಂದೇ ಊರಿನದಲ್ಲ. ರಾವಣ ಕೈಲಾಸದಿಂದ ತಂದ ಆತ್ಮಲಿಂಗವನ್ನು ಸಂಧ್ಯಾವಂದನೆಯ ಹೊತ್ತಿಗೆ ವಟುವಿನ ವೇಷದ ಗಣಪತಿಯ ಕೈಗಿತ್ತ. ಗಣಪತಿ ಅದನ್ನು ನೆಲಕ್ಕಿಟ್ಟ. ಕಿತ್ತರೂ ಬಾರದ ಲಿಂಗ ಮಹಾಬಲೇಶ್ವರನಾಯಿತು. ಸಿಟ್ಟಿನಿಂದ ರಾವಣ ಎಸೆದ ಕರಡಿಗೆ, ಮುಚ್ಚಳ, ದಾರ, ವಸ್ತ್ರಗಳು ಬಿದ್ದ ಜಾಗಗಳು ಸಜ್ಜೇಶ್ವರ, ಗುಣವಂತೇಶ್ವರ, ಧಾರೇಶ್ವರ, ಮುರುಡೇಶ್ವರಗಳಾದವು ಎಂಬುದು ಸ್ಥಳಪುರಾಣ. ಕಾರವಾರದಿಂದ ಭಟ್ಕಳದವರೆಗಿನ ತೀರವನ್ನು ಒಂದೇ ದಾರದಲ್ಲಿ ಪೋಣಿಸಿದ ಕಥೆ ಇದು. ಊರಿನ ರಥಬೀದಿಯ ಹಳೆಯ ಮನೆಗಳು, ಕೋಟಿತೀರ್ಥದ ಮೆಟ್ಟಿಲುಗಳು, ಶಿವರಾತ್ರಿಯ ಮಹಾರಥ ಒಂದು ಕಡೆ. ಗುಡ್ಡದಾಚೆಯ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳು ಇನ್ನೊಂದು ಕಡೆ. ಎರಡು ಬಾಗಿದ ಕೊಲ್ಲಿಗಳು ಕೂಡಿ ಓಂಕಾರದ ಆಕಾರ ತಾಳಿದ ಓಂ ಬೀಚು ಮೇಲಿನಿಂದ ನೋಡಿದಾಗಲೇ ಚೆಂದ. ಇಲ್ಲಿ ಬಂಡೆಗಳ ನಡುವೆ ನೀರಿನ ಸೆಳೆತ ಬಲವಾಗಿರುತ್ತದೆ. ಜೀವರಕ್ಷಕ ಸಿಬ್ಬಂದಿ ಬೇಡವೆಂದ ಕಡೆ ಇಳಿದವರು ಪ್ರಾಣ ಕಳೆದುಕೊಂಡ ಸುದ್ದಿ ಮತ್ತೆ ಮತ್ತೆ ಬರುತ್ತಲೇ ಇದೆ.

ಗೋಕರ್ಣದ ದಕ್ಷಿಣಕ್ಕೆ ಅಘನಾಶಿನಿ. ಇಡೀ ಕರಾವಳಿಯಲ್ಲಿ ನಿಂತು ನೋಡಬೇಕಾದ ಅಳಿವೆ ಒಂದನ್ನು ಆರಿಸಬೇಕೆಂದರೆ ಇದನ್ನೇ ಆರಿಸಬೇಕು. ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಆಳಕ್ಕೆ ಜಿಗಿದು ಬರುವ ಈ ನದಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಆದ್ದರಿಂದ ಘಟ್ಟದ ಮಣ್ಣು, ಎಲೆಗೊಬ್ಬರ ಎಲ್ಲವೂ ಅಳಿವೆಯವರೆಗೆ ಬಂದು ತಲುಪುತ್ತದೆ. ಭರತ ಬಂದಾಗ ಕಡಲು ಒಳನುಗ್ಗುತ್ತದೆ, ಇಳಿತವಾದಾಗ ಕೆಸರು ತೆರೆದುಕೊಳ್ಳುತ್ತದೆ. ಆ ಕೆಸರಿನಲ್ಲಿ ಊರಿನ ಹೆಂಗಸರು ಗಂಡಸರು ಸೊಂಟದವರೆಗೆ ನೀರಿನಲ್ಲಿ ನಿಂತು ಬಳಚು ಹೆಕ್ಕುತ್ತಾರೆ. ತಿಸರೆಯೆಂದು ಕೊಂಕಣಿಯಲ್ಲೂ ಮರುವಾಯಿಯೆಂದು ತುಳುವಿನಲ್ಲೂ ಕರೆಯುವ ಈ ಚಿಪ್ಪುಜೀವಿ ಸಾವಿರಾರು ಮನೆಗಳ ಅನ್ನ. ದಡದ ಗಜನಿ ಭೂಮಿಯಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಳ್ಳುವ, ಗೊಬ್ಬರ ಕೇಳದ ಹಳೆಯ ತಳಿ ಅದು. ಕೊಯ್ಲು ಮುಗಿದ ಮೇಲೆ ಅದೇ ಗದ್ದೆಗೆ ಕಡಲನೀರು ಬಿಟ್ಟು ಸಿಗಡಿ ಹಿಡಿಯುತ್ತಾರೆ. ಪಕ್ಕದ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಬೇಸಿಗೆಯಲ್ಲಿ ಆಗರದ ಬದುವಿನ ಮೇಲೆ ರಾಶಿ ಹಾಕಿದ ಉಪ್ಪು ಹೆದ್ದಾರಿಯಿಂದ ಗೋಕರ್ಣಕ್ಕೆ ತಿರುಗುವವರ ಕಣ್ಣಿಗೆ ಬೀಳುತ್ತದೆ. ಇಳಿದು ನೋಡುವವರು ಕಡಿಮೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣವೆಂಬ ಮಾನ್ಯತೆ ಸಿಕ್ಕಿತು. ಯಾವ ಸ್ಮಾರಕಕ್ಕೂ ಕಡಿಮೆಯಿಲ್ಲದ ಈ ಜಾಗಕ್ಕೆ ಅದು ತಡವಾಗಿ ಬಂದ ಗೌರವ.

ಅದೇ ನದಿಯ ಮೇಲ್ಭಾಗದಲ್ಲಿ, ಕುಮಟಾದಿಂದ ಹತ್ತು ಹನ್ನೊಂದು ಕಿಲೊಮೀಟರ್ ದೂರದಲ್ಲಿ ಮಿರ್ಜಾನ್ ಕೋಟೆ ಇದೆ. ಚಿರೆಕಲ್ಲಿನ ಎತ್ತರದ ಬುರುಜುಗಳು, ಜೋಡಿ ಗೋಡೆ, ಸುತ್ತ ಕಂದಕ, ಒಳಗೆ ಹಲವು ಬಾವಿಗಳು, ನೆಲದಡಿಯ ದಾರಿಗಳು. ಮಳೆಗಾಲ ಕಳೆದ ಮೇಲೆ ಗೋಡೆಗಳ ತುಂಬ ಪಾಚಿ, ಅಂಗಳದ ತುಂಬ ಹುಲ್ಲು. ಹಸಿರು ಬಟ್ಟೆ ಹೊದ್ದ ಕೋಟೆಯಂತೆ ಕಾಣುತ್ತದೆ. ಇದನ್ನು ಕಟ್ಟಿಸಿದ ಕೀರ್ತಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಗೆ ಸಲ್ಲುತ್ತದೆ. 16ನೇ ಶತಮಾನದ ನಡುವಿನಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿದ ಈ ಜೈನ ರಾಣಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಮೆಣಸನ್ನು ಅವರಿಗೆ ಮಾರಿದಳು, ಬೇಕಾದಾಗ ಅವರೊಡನೆ ಕಾದಿದಳು. 17ನೇ ಶತಮಾನದ ಆರಂಭದಲ್ಲಿ ಆಕೆಯ ನಾಡು ಕೆಳದಿಯ ನಾಯಕ ಅರಸರ ಪಾಲಾಯಿತು. ಕುಮಟಾದಿಂದ ಒಳಗೆ ಕಾಡಿನಲ್ಲಿ ಯಾಣದ ಶಿಖರಗಳಿವೆ. ಕಪ್ಪು ಸುಣ್ಣಕಲ್ಲಿನ ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ ಸುಮಾರು 90 ಮೀಟರ್ ಎತ್ತರ.

ಶರಾವತಿಯ ಅಳಿವೆಯ ಹೊನ್ನಾವರಕ್ಕೆ 14ನೇ ಶತಮಾನದಲ್ಲಿ ಇಬ್ನ್ ಬತೂತ ಬಂದಿದ್ದ. ಈ ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದುದನ್ನು ಬರೆದಿಟ್ಟಿದ್ದಾನೆ. ಈಗ ಹೊನ್ನಾವರ ಹೆಸರುವಾಸಿಯಾಗಿರುವುದು ಕಾಂಡ್ಲಾ ಕಾಡಿನ ನಡುವಿನ ಮರದ ನಡಿಗೆದಾರಿಗೆ, ಕುರ್ವೆಗಳ ದೋಣಿವಿಹಾರಕ್ಕೆ ಮತ್ತು 2020ರಲ್ಲಿ ಪಡುಬಿದ್ರಿಯ ಜೊತೆಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಾಸರಕೋಡು ತೀರಕ್ಕೆ. ಕೊಂಕಣ ರೈಲುಮಾರ್ಗದ ಅತ್ಯಂತ ಉದ್ದದ ಸೇತುವೆ ಇರುವುದೂ ಇಲ್ಲಿಯೇ. ಎರಡು ಕಿಲೊಮೀಟರಿಗೂ ತುಸು ಹೆಚ್ಚು. ಆದರೆ ನದಿಯ ಗುಂಟ ಮೇಲೆ ಹೋದರೆ ಸಿಗುವ ಗೇರುಸೊಪ್ಪೆಯ ಚತುರ್ಮುಖ ಬಸದಿಯನ್ನು ಹುಡುಕಿ ಹೋಗುವವರು ಬೆರಳೆಣಿಕೆ. ಚೆನ್ನಭೈರಾದೇವಿಯ ರಾಜಧಾನಿಯಾಗಿದ್ದ ನಗರ ಕಾಡಿನಲ್ಲಿ ಕರಗಿಹೋಗಿದೆ. ನಾಲ್ಕು ದಿಕ್ಕಿಗೂ ಬಾಗಿಲು ತೆರೆದ ಕಲ್ಲಿನ ಬಸದಿಯೊಂದು ಮರಗಳ ನಡುವೆ ಮೌನವಾಗಿ ನಿಂತಿದೆ. ಜೋಗಕ್ಕೆ ಹೋಗುವ ಬಸ್ಸುಗಳೆಲ್ಲ ಇದರ ಸಮೀಪದಿಂದಲೇ ಘಟ್ಟ ಹತ್ತುತ್ತವೆ.

ಮುರುಡೇಶ್ವರದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಎಲ್ಲರೂ ನೋಡಿರುವ ಜಾಗ. ಮೂರು ಕಡೆ ಕಡಲು ಸುತ್ತಿದ ಕಂದುಕಗಿರಿಯ ಮೇಲೆ 123 ಅಡಿಯ ಶಿವನ ಪ್ರತಿಮೆ, ಮುಂದೆ 20 ಅಂತಸ್ತಿನ ರಾಜಗೋಪುರ. ಎರಡೂ ಈಚಿನ ದಶಕಗಳ ನಿರ್ಮಾಣ. ಇಲ್ಲಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಸುತ್ತ ನೀರು ತಿಳಿಯಾಗಿದ್ದು, ಹವಳ ಮತ್ತು ಬಣ್ಣದ ಮೀನುಗಳನ್ನು ನೋಡಲು ಸ್ಕೂಬಾ ಡೈವಿಂಗ್ ಮಾಡುವವರು ಬರುತ್ತಾರೆ. ಪಕ್ಕದ ಭಟ್ಕಳ ವಿಜಯನಗರದ ಕಾಲದಲ್ಲಿ ಅರಬ್ಬಿ ಕುದುರೆಗಳು ಇಳಿಯುತ್ತಿದ್ದ ಬಂದರು. ಆ ಸಿರಿವಂತಿಕೆಯ ಗುರುತು ಈಗಲೂ ಊರೊಳಗಿದೆ: 16ನೇ ಶತಮಾನದ ಕೇತಪೈ ನಾರಾಯಣ ದೇವಾಲಯದ ಹೊರಗೋಡೆಯ ಮೇಲೆ ರಾಮಾಯಣದ ಕೆತ್ತನೆ ಸಾಲು, ಹಳೆಯ ಜೈನ ಬಸದಿಗಳು, ನವಾಯತರ ಮಸೀದಿಗಳು. ಇವೆಲ್ಲ ಕಾಲ್ನಡಿಗೆಯ ದೂರದಲ್ಲಿವೆ.

ಕೊಡಚಾದ್ರಿಯ ಬುಡದಲ್ಲಿ ಹುಟ್ಟಿ ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಯನ್ನು ಹಾದುಬರುವ ಸೌಪರ್ಣಿಕೆ ಮರವಂತೆಯಲ್ಲಿ ಕಡಲಿಗೆ ತೀರ ಹತ್ತಿರ ಬರುತ್ತದೆ, ಆದರೆ ಸೇರುವುದಿಲ್ಲ. ಹೆದ್ದಾರಿಯ ಒಂದು ಮಗ್ಗುಲಿಗೆ ಅಲೆಗಳು, ಇನ್ನೊಂದು ಮಗ್ಗುಲಿಗೆ ನಿಂತಂತೆ ಕಾಣುವ ಹೊಳೆ. ನದಿ ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಗಂಗೊಳ್ಳಿಯ ಬಳಿ ವಾರಾಹಿ, ಚಕ್ರಾ, ಕೇದಕ, ಕುಬ್ಜೆಯರ ಜೊತೆಗೂಡಿಯೇ ಕಡಲಿಗಿಳಿಯುತ್ತದೆ. ಪಂಚಗಂಗಾವಳಿ ಎಂಬ ಹೆಸರು ಬಂದದ್ದು ಹೀಗೆ. ಕಡಲ್ಕೊರೆತದಿಂದ ಮರವಂತೆಯ ದಂಡೆಯನ್ನು ಉಳಿಸಲು ಹಾಕಿದ ಕಲ್ಲಿನ ತಡೆಗಳು ಈಗ ಆ ನೋಟದ ಭಾಗವಾಗಿವೆ.

ಬಾರಕೂರು ಕರಾವಳಿಯ ಇತಿಹಾಸದಲ್ಲಿ ಮಂಗಳೂರಿಗಿಂತ ಕಿರಿದಲ್ಲ. ಆಳುಪರ ರಾಜಧಾನಿ, ಮುಂದೆ ವಿಜಯನಗರದ ಬಾರಕೂರು ರಾಜ್ಯದ ಕೇಂದ್ರ. ಊರ ಮಂದಿ ವರ್ಷದ ದಿನಕ್ಕೊಂದರಂತೆ 365 ದೇವಸ್ಥಾನಗಳಿದ್ದವೆಂದು ಹೇಳುತ್ತಾರೆ. ಇಂದು ಕತ್ತಲೆ ಬಸದಿ, ಕೋಟೆಯ ಅವಶೇಷ, ಅಲ್ಲಲ್ಲಿ ಶಾಸನಗಳು ಉಳಿದಿವೆ. ಇಲ್ಲಿನ ಗುಡಿಗಳ ಮಾಡು ನೋಡುವಂಥದ್ದು. ಬಯಲುಸೀಮೆಯ ದೇವಾಲಯಗಳ ಮಟ್ಟಸ ಛಾವಣಿ ಈ ಮಳೆಗೆ ತಡೆಯಲಾರದು. ಆದ್ದರಿಂದ ಶಿಲ್ಪಿಗಳು ಕಲ್ಲಿನ ಚಪ್ಪಡಿಗಳನ್ನೇ ಹಂಚಿನಂತೆ ಇಳಿಜಾರಾಗಿ ಜೋಡಿಸಿದರು, ಸಂದುಗಳ ಮೇಲೆ ಕಲ್ಲಿನ ಪಟ್ಟಿಗಳನ್ನಿಟ್ಟರು. ಮರದ ಮನೆಯ ವಿನ್ಯಾಸವನ್ನು ಕಲ್ಲಿಗೆ ತಂದ ಈ ಜಾಣ್ಮೆಯ ತುತ್ತತುದಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ. 1430ರಲ್ಲಿ ಕಟ್ಟಿದ, ತ್ರಿಭುವನ ತಿಲಕ ಚೂಡಾಮಣಿ ಎಂಬ ಹೆಸರಿನ ಈ ಮೂರಂತಸ್ತಿನ ಚಂದ್ರನಾಥ ಬಸದಿಯ ಮಾಡುಗಳು ಒಂದರ ಮೇಲೊಂದು ಇಳಿಬಿದ್ದಿರುವ ರೀತಿಗೆ ನೇಪಾಳದ ಗುಡಿಗಳನ್ನು ನೆನೆದವರಿದ್ದಾರೆ. ಆದರೆ ಉತ್ತರ ಅಷ್ಟು ದೂರದಲ್ಲಿಲ್ಲ. ಜೂನ್ ತಿಂಗಳ ಒಂದು ದಿನ ಅಂಗಳದಲ್ಲಿ ನಿಂತರೆ ಮಾಡಿನ ಅರ್ಥ ತಾನಾಗಿ ತಿಳಿಯುತ್ತದೆ. ಮೂಡುಬಿದಿರೆಯಲ್ಲಿ 18 ಬಸದಿಗಳಿವೆ. ಜೈನರ ಮೂಲ ಆಗಮಗಳ ವ್ಯಾಖ್ಯಾನವಾದ ಧವಳಾ ಗ್ರಂಥಗಳ ತಾಳೆಗರಿ ಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿದ್ದು ಈ ಊರು. 'ಭರತೇಶ ವೈಭವ'ದ ಕವಿ ರತ್ನಾಕರವರ್ಣಿ ಇಲ್ಲಿಯವನು.

ಮೂಡುಬಿದಿರೆಯಿಂದ ಕಾರ್ಕಳ ಹತ್ತಿರ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ, ಸುಮಾರು 42 ಅಡಿ ಎತ್ತರದ ಗೊಮ್ಮಟ ಬರಿಯ ಬಂಡೆಯ ಗುಡ್ಡದ ಮೇಲೆ ಬಿಸಿಲು ಮಳೆಗೆ ಮೈಯೊಡ್ಡಿದ್ದಾನೆ. ಎದುರಿನ ದಿಣ್ಣೆಯ ಮೇಲೆ 1586ರ ಚತುರ್ಮುಖ ಬಸದಿ. ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಇನ್ನೊಬ್ಬ ಬಾಹುಬಲಿ, ಫಲ್ಗುಣಿ ನದಿಯ ದಡದಲ್ಲಿ. ಇವೆಲ್ಲ ಕಡಲಿನಿಂದ ಒಳಗಿದ್ದರೂ ಬಂದರಿನ ಹಣ ಘಟ್ಟದ ಬುಡದವರೆಗೆ ಹರಿದ ಗುರುತುಗಳು.

ಉಡುಪಿಯ ಕೃಷ್ಣನೂ ಕಡಲ ದಾರಿಯಲ್ಲೇ ಬಂದವನು. ಮಲ್ಪೆಯ ಬಳಿ ಬಿರುಗಾಳಿಗೆ ಸಿಕ್ಕಿದ ಹಡಗನ್ನು ದಡ ಸೇರಿಸಿದ ಮಧ್ವಾಚಾರ್ಯರು ಪ್ರತಿಫಲವಾಗಿ ಗೋಪಿಚಂದನದ ಗಡ್ಡೆಯನ್ನು ಕೇಳಿ ಪಡೆದರೆಂದೂ ಅದರೊಳಗೆ ಈ ವಿಗ್ರಹವಿತ್ತೆಂದೂ ನಂಬಿಕೆ. 13ನೇ ಶತಮಾನದ ಈ ಮಠದ ಪೂಜೆ ಅಷ್ಟಮಠಗಳ ನಡುವೆ ಸರದಿಯಂತೆ ಸಾಗುತ್ತದೆ. ಎರಡು ತಿಂಗಳಿದ್ದ ಸರದಿಯನ್ನು ಎರಡು ವರ್ಷಕ್ಕೆ ಬದಲಿಸಿದವರು ವಾದಿರಾಜರು. ಸಮಸಂಖ್ಯೆಯ ವರ್ಷಗಳ ಜನವರಿ 18ರ ನಸುಕಿನಲ್ಲಿ ಸರದಿ ಬದಲಾಗುವ ಪರ್ಯಾಯ ನಡೆಯುತ್ತದೆ. ರಥಬೀದಿಯಲ್ಲಿ ಕೃಷ್ಣಮಠಕ್ಕಿಂತ ಹಳೆಯ ಅನಂತೇಶ್ವರ, ಚಂದ್ರಮೌಳೀಶ್ವರ ಗುಡಿಗಳಿವೆ. ಕನಕನ ಕಿಂಡಿಯ ಮುಂದೆ ನಿಂತ ಜನರ ಸಾಲಿನಲ್ಲಿ ಎಲ್ಲ ಜಾತಿಯವರಿದ್ದಾರೆ. ಕನಕದಾಸರ ಹೆಸರು ಆ ಕಿಂಡಿಗೆ ಉಳಿದಿರುವುದರ ಬೆಲೆ ಅದೇ. ಉಡುಪಿಯ ಸಾಂಬಾರಿಗೆ ರುಚಿ ಕೊಡುವ ಮಟ್ಟುಗುಳ್ಳ ಕಡಲ ಪಕ್ಕದ ಮಟ್ಟು ಗ್ರಾಮದ ಗದ್ದೆಗಳಲ್ಲಿ ಬೆಳೆಯುತ್ತದೆ. ಅದಕ್ಕೆ ಭೌಗೋಳಿಕ ಸೂಚಿಕೆ ಸಿಕ್ಕಿದೆ.

ಮಲ್ಪೆಯ ದಕ್ಕೆಯಿಂದ ದೋಣಿ ಹತ್ತಿದರೆ ಸೇಂಟ್ ಮೇರಿ ದ್ವೀಪಗಳು. 1498ರಲ್ಲಿ ವಾಸ್ಕೋ ಡ ಗಾಮ ಇಳಿದು ಈ ಹೆಸರಿಟ್ಟನೆಂಬ ಪ್ರತೀತಿಯನ್ನೇ ಎಲ್ಲರೂ ಹೇಳುತ್ತಾರೆ. ಕಾಲಡಿಯ ಕಲ್ಲಿನ ಕಥೆ ಅದಕ್ಕಿಂತ ಬಹಳ ದೊಡ್ಡದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದಾಗ ಉಕ್ಕಿಬಂದ ಲಾವಾ ಇಲ್ಲಿ ನಿಧಾನವಾಗಿ ತಣಿಯಿತು. ತಣಿಯುವಾಗ ಕುಗ್ಗಿತು, ಕುಗ್ಗುವಾಗ ಬಿರಿಯಿತು. ಕೆರೆಯ ಕೆಸರು ಒಣಗಿ ಬಿರಿಯುವ ಹಾಗೆಯೇ. ಆ ಬಿರುಕುಗಳು ಆಳಕ್ಕಿಳಿದು ಕಲ್ಲನ್ನು ಐದು, ಆರು, ಏಳು ಮೂಲೆಗಳ ಕಂಬಗಳಾಗಿ ಸೀಳಿದವು. ಯಾರೋ ಅಳತೆ ಹಿಡಿದು ಕಡೆದು ನಿಲ್ಲಿಸಿದಂತಿರುವ ಈ ಕಂಬಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮರಳು ತೀರಕ್ಕೆಂದು ಬಂದವರು ಕಂಬಗಳ ಕಡೆಗೆ ಹತ್ತು ನಿಮಿಷವಾದರೂ ಕೊಡಬೇಕು. ದಕ್ಷಿಣಕ್ಕೆ ಕಾಪುವಿನ ಬಂಡೆಯ ಮೇಲೆ 1901ರ ದೀಪಸ್ತಂಭವಿದೆ. ಸಂಜೆ ಅದರ ಬುಡದಿಂದ ಕಾಣುವ ಕಡಲು ಮಲ್ಪೆಗಿಂತ ನೆಮ್ಮದಿಯದು.

ನೇತ್ರಾವತಿ ಮತ್ತು ಗುರುಪುರ ನದಿಗಳು ಎರಡು ಕಡೆಯಿಂದ ಬಂದು ಒಂದೇ ಅಳಿವೆಯಲ್ಲಿ ಕೂಡುವ ಜಾಗ ಮಂಗಳೂರು. ಕದ್ರಿಯ ಮಂಜುನಾಥ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಕ್ರಿ.ಶ. 968ರಲ್ಲಿ ಆಳುಪ ಅರಸ ಕುಂದವರ್ಮ ಪ್ರತಿಷ್ಠಾಪಿಸಿದನೆಂದು ಪೀಠದ ಶಾಸನ ಹೇಳುತ್ತದೆ. ದಕ್ಷಿಣ ಭಾರತದ ಅತ್ಯುತ್ತಮ ಕಂಚಿನ ಶಿಲ್ಪಗಳಲ್ಲಿ ಅದೊಂದು. ಸೇಂಟ್ ಅಲೋಶಿಯಸ್ ಚಾಪೆಲಿನ ಒಳಗೋಡೆ, ಛಾವಣಿಗಳನ್ನು ಇಟಲಿಯಿಂದ ಬಂದ ಜೆಸ್ವಿಟ್ ಕಲಾವಿದ ಆಂಟೋನಿಯೊ ಮೊಸ್ಕೇನಿ 1899ರ ನಂತರದ ಕೆಲವೇ ವರ್ಷಗಳಲ್ಲಿ ಚಿತ್ರಗಳಿಂದ ತುಂಬಿದರು. ನದಿದಂಡೆಯ ಜೇಡಿಮಣ್ಣಿನಿಂದ 1865ರಲ್ಲಿ ಬಾಸೆಲ್ ಮಿಷನ್ನಿನವರು ಹಂಚು ಮಾಡಲು ಆರಂಭಿಸಿದರು; ಮಂಗಳೂರು ಹಂಚು ಭಾರತದ ಉದ್ದಗಲಕ್ಕೂ ಮನೆಗಳ ಮೇಲೇರಿತು. ಅವರ ಮುದ್ರಣ, ಪತ್ರಿಕೆಗಳ ಕೆಲಸದ ಫಲವಾಗಿ 1843ರ ಜುಲೈ 1ರಂದು ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂದದ್ದೂ ಇಲ್ಲೇ. ನದಿಯಾಚೆಯ ಉಳ್ಳಾಲ ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕನ ಊರು. ಸೋಮನಾಥ ದೇವಾಲಯ ಮತ್ತು ಸೈಯದ್ ಮದನಿ ದರ್ಗಾ ಎರಡಕ್ಕೂ ಜನ ಬರುತ್ತಾರೆ.

ಚಳಿಗಾಲದಲ್ಲಿ ಬಂದವರಿಗೆ ರಾತ್ರಿಯ ಕರಾವಳಿ ತೆರೆದುಕೊಳ್ಳುತ್ತದೆ. ಬಡಗು ಮತ್ತು ತೆಂಕುತಿಟ್ಟಿನ ಯಕ್ಷಗಾನ ಮೇಳಗಳು ದೀಪಾವಳಿಯ ಆಸುಪಾಸಿನಿಂದ ಮಳೆ ಹಿಡಿಯುವವರೆಗೆ ತಿರುಗಾಟದಲ್ಲಿರುತ್ತವೆ. ಕೆಸರುಗದ್ದೆಯ ಕಂಬಳಗಳೂ ಅದೇ ಕಾಲಕ್ಕೆ. 2014ರಿಂದ ಕಾನೂನಿನ ತೊಡಕಿಗೆ ಸಿಲುಕಿದ್ದ ಕಂಬಳವನ್ನು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಭೂತಕೋಲವನ್ನು ಮಾತ್ರ ಪ್ರದರ್ಶನವೆಂದು ಭಾವಿಸಬಾರದು. ಅದು ಊರವರ ಆರಾಧನೆ. ಹೊರಗಿನವರು ಬಂದರೆ ಯಾರೂ ತಡೆಯುವುದಿಲ್ಲ. ಕ್ಯಾಮೆರಾ ತೆಗೆಯುವ ಮೊದಲು ಮನೆಯವರನ್ನು ಕೇಳಬೇಕು, ದೈವದ ಮುಂದೆ ಅಡ್ಡಾಡಬಾರದು.

ರಾಜ್ಯದ ಗಡಿ ತಲಪಾಡಿಯಲ್ಲಿ ಮುಗಿದರೂ ಈ ದಾರಿ ಅಲ್ಲಿಗೆ ನಿಲ್ಲುವುದಿಲ್ಲ. ಕಾಸರಗೋಡು 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿತು. ಮಂಜೇಶ್ವರ, ಕುಂಬಳೆಗಳಲ್ಲಿ ಕನ್ನಡ, ತುಳು, ಮಲಯಾಳ ಒಂದೇ ಅಂಗಡಿಯ ಮುಂದೆ ಕೇಳಿಸುತ್ತವೆ. ಕುಂಬಳೆಯ ಬಳಿ ಕೆರೆಯ ನಡುವಿನ ಅನಂತಪುರ ದೇವಾಲಯವಿದೆ. ಮುಂದೆ, ಕೊಡಗಿನಿಂದ ಇಳಿದು ಬರುವ ಪಯಸ್ವಿನಿ ಚಂದ್ರಗಿರಿ ಹೊಳೆಯಾಗಿ ಕಡಲು ಸೇರುತ್ತದೆ. ಹಿಂದಿನಿಂದಲೂ ತುಳುನಾಡಿನ ತೆಂಕಣ ಗಡಿ ಎಂದು ಹೇಳುವುದು ಈ ಹೊಳೆಯನ್ನೇ. ಅದರಾಚೆ, ಕಡಲಿಗೆ ಚಾಚಿದ ಸುಮಾರು 40 ಎಕರೆ ನೆಲದಲ್ಲಿ ಬೇಕಲ ಕೋಟೆ. ಅದನ್ನು 1650ರ ಸುಮಾರಿಗೆ ಮಿರ್ಜಾನಿನದೇ ಕೆಂಪುಕಲ್ಲಿನಲ್ಲಿ ಕಟ್ಟಿಸಿದವನು ಕೆಳದಿಯ ಶಿವಪ್ಪನಾಯಕ.